ಸಾಮರ್ಸೆಟ್ಟಿನ ಹಣ: ಬ್ಯಾಜಟ್ಟನ ಒಂದು ಪ್ರಮೇಯದ ವಿಮರ್ಶೆ

ಬ್ಯಾಂಕಿನ ಕಸುಬನ್ನು ಕುರಿತು ಹುಟ್ಟಿದ ಗ್ರಂಥಗಳಲ್ಲಿ ಒಂದೂವರೆ ಶತಮಾನ ಕಳೆದ ಮೇಲೂ ರುಚಿಯಿಂದ ಓದಿಸಿಕೊಳ್ಳುವಂಥವು ಬಹಳ ಇಲ್ಲ. 1873ರಲ್ಲಿ ಪ್ರಕಟವಾದ ವಾಲ್ಟರ್ ಬ್ಯಾಜಟ್ಟನ ‘ಲೊಂಬಾರ್ಡ್ ಸ್ಟ್ರೀಟ್’ ಆ ವಿರಳ ಗ್ರಂಥಗಳಲ್ಲಿ ಅಗ್ರಗಣ್ಯವಾದುದು. ದಿಗಿಲು ಹುಟ್ಟಿ ಠೇವಣಿದಾರರು ಬ್ಯಾಂಕುಗಳ ಬಾಗಿಲಿಗೆ ಮುತ್ತಿಕೊಂಡಾಗ ಕೇಂದ್ರ ಬ್ಯಾಂಕು ಏನು ಮಾಡತಕ್ಕದ್ದೆಂಬ ಅದರ ಉಪದೇಶವನ್ನು 2008ರ ಮುಗ್ಗಟ್ಟಿನ ಕಾಲದಲ್ಲಿ ಅಮೆರಿಕದ ಅಧಿಕಾರಿಗಳು ಮತ್ತೆ ಸ್ಮರಿಸಿಕೊಂಡರು. ಆದುದರಿಂದ ಆ ಭಾಗ ಹಲವರಿಗೆ ಪರಿಚಿತ. ಆದರೆ ಗ್ರಂಥದ ಮೊದಲಿನಲ್ಲಿಯೇ ಇನ್ನೊಂದು ಪ್ರಮೇಯವಿದೆ. ಅದು ಹಣಕಾಸಿನ ವ್ಯವಸ್ಥೆಗೂ ನಾಡಿನ ಅಭ್ಯುದಯಕ್ಕೂ ಇರುವ ಸಂಬಂಧವನ್ನು ಕುರಿತದ್ದು. ಮುಂದಿನ ಅರ್ಥಶಾಸ್ತ್ರಜ್ಞರು ಈ ವಿಷಯದ ಮೇಲೆ ಕಟ್ಟಿದ ದೊಡ್ಡ ಉಪ್ಪರಿಗೆಗೆ ಅದೇ ತಳಪಾಯ. ಆ ತಳಪಾಯದಲ್ಲಿ ಒಂದು ಬಿರುಕಿದೆಯೆಂದು ನನಗೆ ತೋರುತ್ತದೆ. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬ್ಯಾಜಟ್ಟನ ವಾದ ಹೀಗಿದೆ. ಇಂಗ್ಲಂಡಿನ ಹೆಚ್ಚಳಕ್ಕೆ ಅಲ್ಲಿಯ ಜನರ ಸಿರಿವಂತಿಕೆಯೊಂದೇ ಕಾರಣವಾಗಿರದೆ, ಅವರ ಹಣ ಬ್ಯಾಂಕುಗಳಲ್ಲಿ ಕೂಡಿಬಿದ್ದು, ಬೇಕೆಂದವನಿಗೆ ಸಾಲವಾಗಿ ಒದಗುವ ರೂಪದಲ್ಲಿರುವುದೂ ಕಾರಣವಾಗಿದೆ. ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿಯೂ ಹಣವುಂಟು. ಆದರೆ ಅದು ಮನೆಮನೆಗಳ ಪೆಟ್ಟಿಗೆಗಳಲ್ಲಿ ಚೆದರಿಕೊಂಡಿದ್ದು ವ್ಯಾಪಾರಕ್ಕೆ ಇದ್ದೂ ಇಲ್ಲದಂತಿದೆ. ಇದಕ್ಕೆ ಆಧಾರವಾಗಿ ಅವನು ಆಗ ಬಹಿರಂಗವಾಗಿ ತಿಳಿದಿದ್ದ ಠೇವಣಿಗಳ ಮೊತ್ತವನ್ನು ಕೊಡುತ್ತಾನೆ: ಲಂಡನ್ನಿನಲ್ಲಿ 12 ಕೋಟಿ ಪೌಂಡು, ನ್ಯೂಯಾರ್ಕಿನಲ್ಲಿ 4 ಕೋಟಿ, ಪ್ಯಾರಿಸ್ಸಿನಲ್ಲಿ 1 ಕೋಟಿ 30 ಲಕ್ಷ, ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ 80 ಲಕ್ಷ. ಈ ಪಟ್ಟಿಯನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ಕೊನೆಯ ಸಾಲಿಗೆ ನಾವು ಮರಳಿ ಬರಬೇಕಾಗಿದೆ.

ಇಂಗ್ಲಂಡಿನೊಳಗೆ ಆ ಹಣ ಹರಿಯುವ ಬಗೆಯನ್ನು ಬ್ಯಾಜಟ್ ಬಹು ಸೊಗಸಾಗಿ ವಿವರಿಸುತ್ತಾನೆ. ಸಾಮರ್ಸೆಟ್, ಹ್ಯಾಂಪ್‌ಶೈರ್‌ಗಳಂಥ ಬೇಸಾಯದ ಜಿಲ್ಲೆಗಳಲ್ಲಿ ಉಳಿತಾಯ ಹೆಚ್ಚು, ಸಾಲ ಕೇಳುವ ಉದ್ಯಮ ಕಡಮೆ. ಅಲ್ಲಿಯ ಬ್ಯಾಂಕುಗಳು ಮಿಕ್ಕ ಹಣವನ್ನು ಲಂಡನ್ನಿನ ಲೊಂಬಾರ್ಡ್ ಬೀದಿಯ ಬ್ಯಾಂಕರರಲ್ಲಿಯೂ ಹುಂಡಿಯ ದಲ್ಲಾಳಿಗಳಲ್ಲಿಯೂ ಇರಿಸುತ್ತವೆ. ಇವರು ಆ ಹಣದಿಂದ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಕೈಗಾರಿಕೆಯವರ ಹುಂಡಿಗಳನ್ನು, ವಾಯಿದೆ ತುಂಬುವ ಮುನ್ನವೇ ವಟ್ಟ ಮುರಿದುಕೊಂಡು, ಕೊಳ್ಳುತ್ತಾರೆ. ಹೀಗೆ ಹೊಲದಲ್ಲಿ ಉಳಿದದ್ದು ಗಿರಣಿಗೆ ಸಲ್ಲುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ನಡೆಯುವ ಈ ಸಾಗಾಟವನ್ನು ಕಂಡು ಅವನಿಗೆ ಸಂತೋಷವೇ ಸಂತೋಷ.

ಇದೆಲ್ಲ ನಿಜ. ಆದರೆ ಸಾಮರ್ಸೆಟ್ಟಿಗೆ ಏನಾಯಿತು? ಈ ಪ್ರಶ್ನೆಯನ್ನು ಬ್ಯಾಜಟ್ ಕೇಳುವುದೇ ಇಲ್ಲ. ಅರಿಯದೆ ಬಿಟ್ಟನೆಂದು ಹೇಳುವಂತಿಲ್ಲ. 1826ರಲ್ಲಿ ಅವನು ಹುಟ್ಟಿದ್ದೇ ಸಾಮರ್ಸೆಟ್ಟಿನ ಲ್ಯಾಂಗ್‌ಪೋರ್ಟ್ ಎಂಬ ಸಣ್ಣ ಪಟ್ಟಣದಲ್ಲಿ. ಆ ಪ್ರಾಂತದ ಸ್ಟಕೀಸ್ ಬ್ಯಾಂಕು ಅವನ ಮನೆತನದವರು ನಡೆಸುತ್ತಿದ್ದ ಸಂಸ್ಥೆ. ‘ಇಕಾನಮಿಸ್ಟ್’ ಪತ್ರಿಕೆಯ ಸಂಪಾದಕನಾಗುವ ಮುನ್ನ ಅವನೂ ಅಲ್ಲಿ ದುಡಿದವನು. ಲಂಡನ್ನಿಗೆ ಹೋಗುವ ಹಣ ಯಾವ ಗಲ್ಲೆಯಿಂದ ಹೊರಡುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಅವನ ಮೌನಕ್ಕೆ ಕಾರಣ ಬೇರೆ. ದೇಶವನ್ನು ಒಂದು ಮನೆಯೆಂದು ಭಾವಿಸಿದವನಿಗೆ ಪಡಸಾಲೆಯ ಹಣ ಅಡಿಗೆಮನೆಗೆ ಹೋದರೆ ನಷ್ಟವೇನೂ ಕಾಣುವುದಿಲ್ಲ. ಒಂದೇ ಪಾರ್ಲಿಮೆಂಟು, ಒಂದೇ ಕಾಯಿದೆ, ಒಂದೇ ನಾಣ್ಯ. ಸಾಮರ್ಸೆಟ್ಟಿನ ಠೇವಣಿದಾರನಿಗೆ ಬಡ್ಡಿ ಬರುತ್ತದೆ. ಅವನ ಮಗನಿಗೆ ಊರಲ್ಲಿ ಕೆಲಸವಿಲ್ಲದಿದ್ದರೆ ರೈಲು ಹತ್ತಿ ಮ್ಯಾಂಚೆಸ್ಟರಿಗೆ ಹೋಗುತ್ತಾನೆ. ಹಣ ಹೋದ ದಾರಿಯಲ್ಲಿಯೇ ಮನುಷ್ಯನೂ ಹೋಗಬಲ್ಲನೆಂಬ ಒಂದು ಷರತ್ತು, ಬ್ಯಾಜಟ್ಟನ ಪ್ರಮೇಯದೊಳಗೆ ಹೇಳದೆ ಅಡಗಿಕೊಂಡಿದೆ. ಆ ಷರತ್ತನ್ನು ತೆಗೆದುಹಾಕಿದರೆ ಪ್ರಮೇಯದಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ನಮ್ಮ ಮುಂದಿರುವ ವಿಚಾರ.

ಮೊದಲು ಲ್ಯಾಂಕಶೈರಿನ ಮಾತನ್ನು ಮುಗಿಸೋಣ. ಲೊಂಬಾರ್ಡ್ ಬೀದಿ ಲ್ಯಾಂಕಶೈರಿಗೆ ಸಹಾಯ ಮಾಡಿತೆಂಬುದು ಸರಿ. ಲ್ಯಾಂಕಶೈರನ್ನು ನಿರ್ಮಿಸಿತೆಂಬುದು ಸರಿಯಲ್ಲ. ಮೊದಲ ಹತ್ತಿಗಿರಣಿಗಳ ಕಟ್ಟಡಕ್ಕೂ ಯಂತ್ರಕ್ಕೂ ಹಾಕಿದ ಹಣ ಬಹುಮಟ್ಟಿಗೆ ಮಾಲಿಕರ ಸ್ವಂತದ್ದು, ನಂಟರಿಷ್ಟರದು, ಪಾಲುದಾರರದು, ಮತ್ತೆ ಮತ್ತೆ ಗಿರಣಿಗೇ ಸುರಿದ ಲಾಭದ್ದು. ಬ್ಯಾಂಕುಗಳು ಕೊಟ್ಟದ್ದು ಮೂರು ನಾಲ್ಕು ತಿಂಗಳ ವಾಯಿದೆಯ ಕೈಸಾಲ. 1826ರವರೆಗೆ ಇಂಗ್ಲಂಡಿನಲ್ಲಿ, ಬ್ಯಾಂಕ್ ಆಫ್ ಇಂಗ್ಲಂಡ್ ಒಂದನ್ನುಳಿದು, ನೋಟು ಹೊರಡಿಸುವ ಬ್ಯಾಂಕುಗಳಿಗೆ ಆರಕ್ಕಿಂತ ಹೆಚ್ಚು ಮಂದಿ ಪಾಲುದಾರರು ಇರಕೂಡದೆಂದು ಕಾಯಿದೆಯೇ ಇತ್ತು. ಅಂಥ ಪುಟ್ಟ ಬ್ಯಾಂಕುಗಳು ಕೈಗಾರಿಕೆಯ ಕ್ರಾಂತಿಯನ್ನು ಹೆತ್ತವೆಂದು ಹೇಳುವುದು ಸಾಹಸದ ಮಾತು. ಉದ್ಯಮ ಮುಂದೆ ನಡೆದರೆ ಹಣಕಾಸು ಅದನ್ನು ಹಿಂಬಾಲಿಸುತ್ತದೆ ಎಂಬ ಅರ್ಥದಲ್ಲಿ ಕೇಂಬ್ರಿಜ್ಜಿನ ಜೋನ್ ರಾಬಿನ್‌ಸನ್ ಅವರು 1952ರಲ್ಲಿ ಬರೆದದ್ದು ಈ ಇತಿಹಾಸಕ್ಕೆ ಹೆಚ್ಚು ಒಪ್ಪುತ್ತದೆ.

ಈಗ ಪಟ್ಟಿಯ ಕೊನೆಯ ಸಾಲು. ಠೇವಣಿಯ ಲೆಕ್ಕದಲ್ಲಿ ಲಂಡನ್ನಿನ ಹದಿನೈದನೆಯ ಒಂದು ಪಾಲಷ್ಟಿದ್ದ ಜರ್ಮನಿ, 1913ರ ಹೊತ್ತಿಗೆ ಬ್ರಿಟನ್ನಿನ ಎರಡರಷ್ಟಕ್ಕೂ ಮೀರಿ ಉಕ್ಕು ತೆಗೆಯುತ್ತಿತ್ತು. ಇದು ಹೇಗಾಯಿತು? ಅಲೆಕ್ಸಾಂಡರ್ ಗೆರ್ಶನ್‌ಕ್ರಾನ್ ಅವರು 1962ರ ತಮ್ಮ ಗ್ರಂಥದಲ್ಲಿ ಇದಕ್ಕೆ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ತಡವಾಗಿ ಹೊರಟ ದೇಶಕ್ಕೆ ಬೇಕಾದ ಯಂತ್ರಸಾಮಗ್ರಿ ಬಹಳ ದುಬಾರಿ. ಮಾಲಿಕನ ಸ್ವಂತ ಉಳಿತಾಯ ಅದಕ್ಕೆ ಸಾಲದು. ಆದುದರಿಂದ 1870ರಲ್ಲಿ ಸ್ಥಾಪಿತವಾದ ಡಾಯ್ಚ ಬ್ಯಾಂಕು ಮೊದಲಾದ ಜರ್ಮನ್ ಬ್ಯಾಂಕುಗಳು ಕೈಸಾಲಕ್ಕೆ ನಿಲ್ಲದೆ ಕಾರ್ಖಾನೆಗಳ ಷೇರು ಹಿಡಿದವು, ದೀರ್ಘಕಾಲದ ಸಾಲ ಕೊಟ್ಟವು, ಆಡಳಿತಮಂಡಲಿಗಳಲ್ಲಿ ತಮ್ಮವರನ್ನು ಕೂರಿಸಿದವು. ರಷ್ಯದಲ್ಲಿ ಬ್ಯಾಂಕುಗಳಿಗೂ ಆ ಶಕ್ತಿಯಿರಲಿಲ್ಲವಾಗಿ ಸರಕಾರವೇ ಆ ಹೊಣೆ ಹೊತ್ತಿತು. ಗೆರ್ಶನ್‌ಕ್ರಾನರ ವಾದಕ್ಕೆ ಅಪವಾದಗಳು ಉಂಟು. ಆದರೂ ಬ್ಯಾಜಟ್ಟನ ಪಟ್ಟಿ ಭವಿಷ್ಯವನ್ನು ತಿಳಿಸಲಾರದೆ ಹೋಯಿತೆಂಬುದು ನಿರ್ವಿವಾದ. ಕೂಡಿಬಿದ್ದ ಹಣದ ಮೊತ್ತಕ್ಕಿಂತ, ಸಾಲಗಾರನ ಕಸುಬನ್ನು ಅರಿತು ಹತ್ತು ವರ್ಷ ಕಾಯುವ ಧೈರ್ಯ ಬ್ಯಾಂಕಿನವನಿಗೆ ಇದೆಯೇ ಎಂಬುದು ಜರ್ಮನಿಯಲ್ಲಿ ನಿರ್ಣಾಯಕವಾಯಿತು.

ಇಷ್ಟಾದರೂ ಮೊತ್ತದ ಮೋಹ ಶಾಸ್ತ್ರವನ್ನು ಬಿಡಲಿಲ್ಲ. 1973ರಲ್ಲಿ ರೊನಾಲ್ಡ್ ಮೆಕಿನನ್ ಮತ್ತು ಎಡ್ವರ್ಡ್ ಷಾ ಅವರ ಎರಡು ಗ್ರಂಥಗಳು ಒಟ್ಟಿಗೆ ಹೊರಬಂದವು. ಬಡ ದೇಶಗಳ ಸರಕಾರಗಳು ಬಡ್ಡಿಯನ್ನು ಅದುಮಿ ಹಿಡಿದಿರುವುದರಿಂದಲೇ ಉಳಿತಾಯ ಬ್ಯಾಂಕಿಗೆ ಬರುವುದಿಲ್ಲ. ಹಿಡಿತ ಬಿಟ್ಟರೆ ಹಣಕಾಸು ಆಳವಾಗುತ್ತದೆ, ಅಭ್ಯುದಯ ತಾನಾಗಿ ಬರುತ್ತದೆ ಎಂಬುದು ಅವುಗಳ ಸಾರ. 1965ರಲ್ಲಿ ದಕ್ಷಿಣ ಕೊರಿಯವು ಠೇವಣಿಯ ಬಡ್ಡಿಯನ್ನು ಒಮ್ಮೆಲೆ ಏರಿಸಿದಾಗ ಬ್ಯಾಂಕುಗಳಿಗೆ ಹಣ ನುಗ್ಗಿ ಬಂದದ್ದು ಈ ವಾದಕ್ಕೆ ಮೆಚ್ಚಿನ ನಿದರ್ಶನ. ಇದು ಕಥೆಯ ಅರ್ಧಭಾಗ. ಆ ಬ್ಯಾಂಕುಗಳು 1961ರಿಂದ ಸರಕಾರದ ಮುಷ್ಟಿಯಲ್ಲಿದ್ದವು. ಬಂದ ಹಣ ಪರದೇಶಕ್ಕೆ ಮಾಲು ಕಳುಹಿಸಿ ತೋರಿಸಿದವನಿಗೆ ಕಡಮೆ ಬಡ್ಡಿಯಲ್ಲಿ ಹೋಗುತ್ತಿತ್ತು. ಅಂದರೆ ಸಾಲಗಾರನನ್ನು ಅಳೆಯಲು ಅಲ್ಲಿ ಒಂದು ಕೋಲು ಇತ್ತು, ಅದು ರಫ್ತಿನ ಲೆಕ್ಕ. 1997ರಲ್ಲಿ ಆ ಕೊರಿಯವೂ ಅಂತರರಾಷ್ಟ್ರೀಯ ಹಣನಿಧಿಯ ಬಾಗಿಲಿಗೆ ಹೋಗಬೇಕಾಯಿತೆಂಬುದನ್ನು ಮರೆಯದೆ ಈ ಮಾತು ಹೇಳುತ್ತಿದ್ದೇನೆ. ಇತ್ತ ಚಿಲಿಯಲ್ಲಿ 1970ರ ದಶಕದ ನಡುವಿನಿಂದ ಬ್ಯಾಂಕುಗಳನ್ನು ಖಾಸಗಿಯವರಿಗೆ ಮಾರಿ ಬಡ್ಡಿಯ ಕಟ್ಟು ಬಿಚ್ಚಿದರು. ಬ್ಯಾಂಕು ಕೊಂಡ ವ್ಯಾಪಾರದ ಕೂಟಗಳು ತಮ್ಮ ಕಂಪನಿಗಳಿಗೆ ತಾವೇ ಸಾಲ ಕೊಟ್ಟುಕೊಂಡವು. 1982ರಲ್ಲಿ ಎಲ್ಲವೂ ಕುಸಿದು ದೇಶದ ಉತ್ಪನ್ನ ಒಂದೇ ವರ್ಷದಲ್ಲಿ ಶೇಕಡಾ ಹತ್ತಕ್ಕೂ ಮಿಕ್ಕಿ ಇಳಿಯಿತು. 1983ರ ಜನವರಿಯಲ್ಲಿ ಮುಖ್ಯ ಬ್ಯಾಂಕುಗಳನ್ನು ಸರಕಾರವೇ ವಶಕ್ಕೆ ತೆಗೆದುಕೊಂಡಿತು. ಆಳವನ್ನು ಮಾತ್ರ ಅಳೆಯುವವನಿಗೆ ಕುಸಿತದ ಹಿಂದಿನ ವರ್ಷದ ಚಿಲಿ ಸೊಗಸಾಗಿಯೇ ಕಂಡಿದ್ದೀತು.

1993ರಲ್ಲಿ ಕಿಂಗ್ ಮತ್ತು ಲೆವಿನ್ ಅವರು 80 ದೇಶಗಳ ಅಂಕಿಗಳನ್ನು ಕೂಡಿಸಿ, ಹಣಕಾಸಿನ ಆಳ ಹೆಚ್ಚಿದ್ದ ದೇಶಗಳು ಮುಂದೆ ಹೆಚ್ಚು ಬೆಳೆದುವೆಂದು ತೋರಿಸಿದರು. ಪರಿಶ್ರಮದ ಕೆಲಸ, ಗೌರವಕ್ಕೆ ಅರ್ಹವಾದುದು. ಆದರೆ 2012ರಲ್ಲಿ ಅರ್ಕಾನ್, ಬರ್ಕೆಸ್ ಮತ್ತು ಪನಿತ್ಸಾ ಅವರು ಅದೇ ಬಗೆಯ ಅಂಕಿಗಳಿಂದ, ಖಾಸಗಿಯವರಿಗೆ ಕೊಟ್ಟ ಸಾಲ ದೇಶದ ವಾರ್ಷಿಕ ಉತ್ಪನ್ನದಷ್ಟಾದ ಮೇಲೆ ಹೆಚ್ಚಿನ ಸಾಲ ಬೆಳವಣಿಗೆಗೆ ಕೇಡೇ ಆಗುತ್ತದೆಂದು ತೋರಿಸಿದರು. ಒಂದೇ ಔಷಧ ಬಡವನಿಗೆ ಪಥ್ಯ, ಸಿರಿವಂತನಿಗೆ ಅಪಥ್ಯ ಎಂದರೆ ಔಷಧದ ತೂಕಕ್ಕಿಂತ ಗುಣವನ್ನು ಪರೀಕ್ಷಿಸುವುದು ಮೇಲು.

ಬಿರುಕು ನಿಚ್ಚಳವಾಗಿ ಕಾಣುವುದು ದೇಶದೇಶಗಳ ನಡುವಿನ ವ್ಯವಹಾರದಲ್ಲಿ. ಬ್ಯಾಜಟ್ಟನ ಸಾಗಾಟ ಲೋಕಕ್ಕೆಲ್ಲ ಅನ್ವಯಿಸುವುದಾದರೆ, ಹಣ ಹೇರಳವಾಗಿರುವ ದೇಶದಿಂದ ಹಣದ ಅಭಾವವಿರುವ ದೇಶಕ್ಕೆ ಅದು ಭೋರೆಂದು ಹರಿಯಬೇಕು. ರಾಬರ್ಟ್ ಲೂಕಸ್ ಅವರು 1990ರಲ್ಲಿ ಒಂದು ಸರಳ ಲೆಕ್ಕ ಹಾಕಿದರು: ಪಠ್ಯಪುಸ್ತಕದ ಸೂತ್ರ ನಿಜವಾದರೆ ಭಾರತದಲ್ಲಿ ಹೂಡಿದ ಹೊಸ ಬಂಡವಲಕ್ಕೆ ಅಮೆರಿಕದಲ್ಲಿ ಹೂಡಿದ್ದಕ್ಕಿಂತ ಸುಮಾರು 58 ಪಟ್ಟು ಪ್ರತಿಫಲ ಬರಬೇಕು. ಹಾಗಿದ್ದರೆ ಅಮೆರಿಕದ ಹಣವೆಲ್ಲ ಏಕೆ ಇಲ್ಲಿಗೆ ಬರುವುದಿಲ್ಲ? ವಿದ್ಯೆ, ಕಾಯಿದೆ, ರಾಜ್ಯಾಡಳಿತ ಎಂದು ಹಲವು ಉತ್ತರಗಳು ಬಂದಿವೆ. ಸಾಮರ್ಸೆಟ್ಟನ್ನು ನೆನೆದರೆ ಇನ್ನೊಂದು ಉತ್ತರವೂ ಹೊಳೆಯುತ್ತದೆ. ಹಣ ಪ್ರತಿಫಲದ ಕಡೆಗೆ ಮಾತ್ರ ಹರಿಯುವುದಿಲ್ಲ. ತನಗೆ ಗುರುತಿರುವ ಮುಖದ ಕಡೆಗೂ, ದಿಗಿಲಿನ ದಿನ ಆಶ್ರಯ ಸಿಕ್ಕುವ ಕಡೆಗೂ ಹರಿಯುತ್ತದೆ. ಎರಡೂ ಸಿರಿವಂತ ದೇಶದಲ್ಲಿವೆ.

ಆಶ್ರಯದ ಮಾತನ್ನು ಮುಂಬಯಿಯ ಇತಿಹಾಸದಿಂದಲೇ ತಿಳಿಯಬಹುದು. ಬ್ಯಾಜಟ್ ಮೆಚ್ಚಿದ ಲ್ಯಾಂಕಶೈರಿನ ಹುಂಡಿಗಳ ಹಿಂದೆ ಹತ್ತಿ ಇತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಎಂದರೆ 1861ರಿಂದ 1865ರವರೆಗೆ, ಅದರಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಸೇರಿತ್ತು. ಕುಮಟೆಯ ಬಂದರಿನಿಂದ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ ಅದು ಹೋಗುತ್ತಿತ್ತು. ಯುದ್ಧ ನಿಂತಿತು, ಬೆಲೆ ಬಿದ್ದಿತು, ಮುಂಬಯಿಯ ಷೇರಿನ ಹುಚ್ಚು ಇಳಿಯಿತು, ಪ್ರೇಮಚಂದ ರಾಯಚಂದರಂಥ ಕುಳಗಳು ನೆಲಕಚ್ಚಿದರು, ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಈ ನಡುವೆ 1866ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ಹುಂಡಿ ಕೊಳ್ಳುವ ಸಂಸ್ಥೆಯೂ ಮುರಿದುಬಿದ್ದು ಭಾರಿ ದಿಗಿಲು ಹಬ್ಬಿತು. ಆಗ ಬ್ಯಾಂಕ್ ಆಫ್ ಇಂಗ್ಲಂಡ್ ಇತರರಿಗೆ ಧಾರಾಳವಾಗಿ ಸಾಲ ಕೊಟ್ಟು ಲಂಡನ್ನಿನ ಬೀದಿಯನ್ನು ಉಳಿಸಿತು. ಬ್ಯಾಜಟ್ಟನ ಪ್ರಸಿದ್ಧ ಉಪದೇಶ ಹುಟ್ಟಿದ್ದು ಈ ಅನುಭವದಿಂದ. ಆ ಉಪದೇಶದ ಎಲ್ಲೆ ಆ ಬೀದಿಯ ಎಲ್ಲೆಯೇ ಆಗಿತ್ತು. 2008ರಲ್ಲಿಯೂ ಇದೇ ಕ್ರಮ: ಅಮೆರಿಕದ ಕೇಂದ್ರ ಬ್ಯಾಂಕು ಅಕ್ಟೋಬರಿನಲ್ಲಿ ಬ್ರೆಜಿಲ್, ಮೆಕ್ಸಿಕೊ, ಕೊರಿಯ, ಸಿಂಗಪುರಗಳಿಗೆ ತಲಾ 30 ಶತಕೋಟಿ ಡಾಲರುಗಳವರೆಗೆ ಒದಗಿಸಲು ಒಪ್ಪಿತು. ಆ ಪಟ್ಟಿಯಲ್ಲಿ ಭಾರತವಿರಲಿಲ್ಲ. ಹೊರಗುಳಿದ ಬಡ ದೇಶಗಳು ಇನ್ನೂ ಹಲವು.

ಹೀಗಿರುವಾಗ ಹೊರಗುಳಿದ ದೇಶ ಏನು ಮಾಡಬೇಕು? ಎಯ್ಕೆನ್‌ಗ್ರೀನ್ ಮತ್ತು ಹೌಸ್‌ಮನ್ ಅವರು 1999ರಲ್ಲಿ ಎತ್ತಿ ತೋರಿಸಿದಂತೆ, ಬಡ ದೇಶ ಪರದೇಶದಲ್ಲಿ ತನ್ನ ನಾಣ್ಯದಲ್ಲಿ ಸಾಲ ಎತ್ತಲಾರದು. ಡಾಲರಿನಲ್ಲಿ ಎತ್ತಿದರೆ ತನ್ನ ನಾಣ್ಯ ಇಳಿದ ದಿನ ಸಾಲ ತಾನಾಗಿ ಉಬ್ಬುತ್ತದೆ. ಆದುದರಿಂದ ಅದು ತನ್ನ ಆಪತ್ತಿಗೆ ತಾನೇ ಕೂಡಿಡಬೇಕು. 1991ರಲ್ಲಿ ನಮ್ಮ ಸರಕಾರದ ಕೈಯಲ್ಲಿ ಕೆಲವು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಪರದೇಶದ ಹಣ ಉಳಿದಿದ್ದಾಗ ರಿಜರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳುಹಿಸಿ ಸಾಲಕ್ಕೆ ಒತ್ತೆಯಿಡಬೇಕಾಯಿತು. ಅಂದು ಕಲಿತ ಪಾಠ ಮರೆತಿಲ್ಲ: 2024ರ ಸೆಪ್ಟೆಂಬರಿನಲ್ಲಿ ಭಾರತದ ಪರದೇಶದ ಹಣದ ಸಂಗ್ರಹ 700 ಶತಕೋಟಿ ಡಾಲರುಗಳನ್ನು ದಾಟಿತು. ಇದರ ದೊಡ್ಡ ಪಾಲು ಸಿರಿವಂತ ದೇಶಗಳ ಸರಕಾರದ ಪತ್ರಗಳಲ್ಲಿ ಕುಳಿತಿರುತ್ತದೆ. ಎಂದರೆ ನಾವು ಅವರಿಗೆ ಅಲ್ಪ ಬಡ್ಡಿಗೆ ಸಾಲ ಕೊಟ್ಟಿದ್ದೇವೆ. ಸಾಮರ್ಸೆಟ್ಟಿನ ಬ್ಯಾಂಕರು ಲೊಂಬಾರ್ಡ್ ಬೀದಿಯಲ್ಲಿ ಹಣವಿರಿಸಿದ್ದಕ್ಕೂ ಇದಕ್ಕೂ ರೂಪದಲ್ಲಿ ಭೇದವಿಲ್ಲ. ಭೇದವಿರುವುದು ಅಡಗಿದ್ದ ಷರತ್ತಿನಲ್ಲಿ. ಸಾಮರ್ಸೆಟ್ಟಿನ ಮಗನಿಗೆ ಮ್ಯಾಂಚೆಸ್ಟರಿನ ಬಾಗಿಲು ತೆರೆದಿತ್ತು. ಬಡ ದೇಶದ ಮಗನನ್ನು ಸಿರಿವಂತ ದೇಶದ ಬಾಗಿಲಲ್ಲಿ ವೀಸಾ ಕೇಳಿ ನಿಲ್ಲಿಸುತ್ತಾರೆ. ದಾಟಿ ಹೋದವರು ಕಳುಹಿಸಿದ ಹಣವೇ 2022ರಲ್ಲಿ ಭಾರತಕ್ಕೆ 100 ಶತಕೋಟಿ ಡಾಲರಿಗೆ ಮಿಕ್ಕಿ ಬಂದಿತೆಂಬುದನ್ನು ನೋಡಿದರೆ, ಎಲ್ಲರಿಗೂ ಬಾಗಿಲು ತೆರೆದಿದ್ದರೆ ಲೆಕ್ಕ ಹೇಗಿರುತ್ತಿತ್ತೋ ಊಹಿಸಬಹುದು.

ಹಣದ ಹಿಂದೆ ಮನುಷ್ಯ ಹೋದ ಕಥೆಯನ್ನು ಈ ಪತ್ರಿಕೆಯ ವಾಚಕರಿಗೆ ಹೊರಗಿನಿಂದ ತಂದು ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತೊಟ್ಟಿಲೆಂದು ಕರೆಯುವುದು ರೂಢಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಇಂದಿನ ಕೆನರಾ ಬ್ಯಾಂಕಿಗೂ, ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕೆನಿಸಿದ ಸಂಸ್ಥೆಗೂ ಅಡಿಗಲ್ಲು ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. 1928ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳ ಸಂಸ್ಥೆ ಆರಂಭಿಸಿದ ಪಿಗ್ಮಿ ಠೇವಣಿಯಂತೂ ಲೋಕದ ಬ್ಯಾಂಕಿನ ಇತಿಹಾಸದಲ್ಲಿಯೇ ಗಮನಾರ್ಹ: ದಿನಕ್ಕೆ ಎರಡಾಣೆಯನ್ನು ನೇಕಾರನ, ಅಂಗಡಿಯವನ ಬಾಗಿಲಿಗೇ ಹೋಗಿ ಎತ್ತಿಕೊಂಡು ಬರುವ ಏರ್ಪಾಡು. ಹಣ ಪೆಟ್ಟಿಗೆಯಲ್ಲಿ ಚೆದರಿರುವುದೇ ಬಡತನದ ಕಾರಣವೆಂದ ಬ್ಯಾಜಟ್ ಇದನ್ನು ಕಂಡಿದ್ದರೆ ಕೈಮುಗಿಯುತ್ತಿದ್ದನು. ಆದರೂ ಕರಾವಳಿಯಲ್ಲಿ ಬ್ಯಾಂಕುಗಳು ಎದ್ದಷ್ಟು ಕಾರ್ಖಾನೆಗಳು ಏಳಲಿಲ್ಲ. ಅಲ್ಲಿಯ ಹೆಸರಾಂತ ಹೆಂಚಿನ ಕೈಗಾರಿಕೆ 1865ರಲ್ಲಿ ಬಾಸೆಲ್ ಮಿಷನ್ನಿನಿಂದ ಆರಂಭವಾದದ್ದು, ಮೊದಲ ಬ್ಯಾಂಕಿಗಿಂತ ನಾಲ್ಕು ದಶಕ ಹಿರಿಯದು. ಎರಡಾಣೆಯ ಹಣ ಕೂಡಿತು, ಬ್ಯಾಂಕು ಬೆಳೆಯಿತು, ಮುಂಬಯಿಯಲ್ಲಿ ಶಾಖೆ ತೆರೆಯಿತು. ಎರಡಾಣೆ ಕೊಟ್ಟವನ ಮಗ ಹಡಗು ಹತ್ತಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ. ಇದರಲ್ಲಿ ಬ್ಯಾಂಕುಗಳ ತಪ್ಪೇನೆಂದು ಕೇಳಿದರೆ, ತಪ್ಪು ಎಂಬ ಮಾತೇ ಇಲ್ಲಿ ಸಲ್ಲದು. ಠೇವಣಿದಾರನ ಹಣಕ್ಕೆ ಭದ್ರತೆ ಹುಡುಕುವುದು ಬ್ಯಾಂಕಿನವನ ಧರ್ಮ. ಭದ್ರವಾದ ಸಾಲಗಾರರು ಮುಂಬಯಿಯಲ್ಲಿದ್ದರು.

ಸಾಮರ್ಸೆಟ್ಟಿನ ಪ್ರಶ್ನೆಯನ್ನು ಸರಕಾರವೇ ಕೇಳಿದ ದೇಶಗಳಲ್ಲಿ ಭಾರತವೂ ಒಂದು. 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1977ರಿಂದ 1990ರವರೆಗೆ, ಬ್ಯಾಂಕಿರುವ ಊರಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಊರುಗಳಲ್ಲಿ ತೆರೆಯಬೇಕೆಂಬ ನಿಯಮವಿತ್ತು. ಹಳ್ಳಿಯ ಮತ್ತು ಅರೆಪಟ್ಟಣದ ಶಾಖೆಗಳು ಕೂಡಿಸಿದ ಠೇವಣಿಯ ಶೇಕಡಾ 60ರಷ್ಟಾದರೂ ಅಲ್ಲಿಯೇ ಸಾಲವಾಗಬೇಕೆಂದು ರಿಜರ್ವ್ ಬ್ಯಾಂಕು ಗುರಿ ಹಾಕಿತು. ಬರ್ಜೆಸ್ ಮತ್ತು ಪಾಂಡೆ ಅವರು 2005ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ ಆ ನಿಯಮದ ಕಾಲದ ಶಾಖೆಗಳಿಂದ ಹಳ್ಳಿಯ ಬಡತನ ಇಳಿಯಿತು. ಮರುಪಾವತಿಯಾಗದ ಸಾಲವೂ ಬಹಳವಾಯಿತು. ಎರಡನೆಯದನ್ನು ಮಾತ್ರ ಹೇಳಿ ಮೊದಲನೆಯದನ್ನು ನುಂಗುವುದು ನಮ್ಮ ಕಸುಬಿನವರ ಚಾಳಿ. ಬ್ಯಾಂಕಿನ ಊಳಿಗದಲ್ಲಿ ಎರಡು ದಶಕ ಕಳೆದಿರುವ ನನ್ನ ತಿಳಿವಳಿಕೆಯಂತೆ ಶಾಖೆಯ ನಿಜವಾದ ಆಸ್ತಿ ಗಲ್ಲೆಯಲ್ಲಿಲ್ಲ. ಯಾರ ಬಾವಿಯಲ್ಲಿ ಬೇಸಗೆಯಲ್ಲಿಯೂ ನೀರಿದೆ, ಯಾವ ಗೇರುಬೀಜದ ಕಾರ್ಖಾನೆಯವನು ಕೂಲಿಯನ್ನು ಶನಿವಾರ ತಪ್ಪದೆ ಕೊಡುತ್ತಾನೆ ಎಂಬ ಅರಿವಿನಲ್ಲಿದೆ. ಈ ಅರಿವು ಅರ್ಜಿಯ ಕಾಲಮುಗಳಲ್ಲಿ ಹಿಡಿಸುವುದಿಲ್ಲ. ಸಾಲ ಮಂಜೂರು ಮಾಡುವ ಅಧಿಕಾರ ದೂರದ ನಗರದ ಕೇಂದ್ರಗಳಿಗೆ ಸರಿದಂತೆ, ಶಾಖೆಯ ಅಧಿಕಾರಿ ಅರ್ಜಿಯನ್ನು ಮೇಲಕ್ಕೆ ದಾಟಿಸುವ ಅಂಚೆಯವನಾಗುತ್ತಿದ್ದಾನೆ.

ಸ್ಟಕೀಸ್ ಬ್ಯಾಂಕು 1909ರಲ್ಲಿ ಪಾರ್ಸ್ ಎಂಬ ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮಲ್ಲಿ 2017ರ ಏಪ್ರಿಲಿನಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿಯೂ, 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿಯೂ, 2020ರ ಏಪ್ರಿಲಿನಲ್ಲಿ ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಇದನ್ನು ಹಲವರು ಅಭಿಮಾನಭಂಗವೆಂದು ಭಾವಿಸಿ ಶೋಕಿಸಿದ್ದಾರೆ. ಹೆಸರಿನ ಶೋಕ ನನಗೂ ಉಂಟು. ಆದರೆ ಚರ್ಚೆ ಅಲ್ಲಿಗೇ ನಿಂತದ್ದು ವಿಷಾದಕರ. ವಿಲೀನದ ತರುವಾಯ ಕುಂದಾಪುರದ, ಪುತ್ತೂರಿನ, ಕಾರ್ಕಳದ ಸಣ್ಣ ಉದ್ಯಮಿಗೆ ಸಾಲ ಹೆಚ್ಚಿತೇ ಕಡಮೆಯಾಯಿತೇ ಎಂದು ಕೇಳಿದವರು ಕಾಣಲಿಲ್ಲ.

ಕೇಳಲು ಸಾಮಗ್ರಿಗೆ ಕೊರತೆಯಿಲ್ಲ. ಜಿಲ್ಲೆಜಿಲ್ಲೆಯ ಠೇವಣಿ ಎಷ್ಟು, ಸಾಲ ಎಷ್ಟು ಎಂಬ ಅಂಕಿಗಳನ್ನು ರಿಜರ್ವ್ ಬ್ಯಾಂಕು 1972ರಲ್ಲಿ ಆರಂಭಿಸಿದ ಲೆಕ್ಕಪದ್ಧತಿಯ ಮೂಲಕ ಪ್ರಕಟಿಸುತ್ತ ಬಂದಿದೆ. ಅದಕ್ಕೂ ಹಿಂದಿನ ಕಾಲಕ್ಕೆ ಆಯಾ ಬ್ಯಾಂಕುಗಳ ಅಢಾವೆ ಪತ್ರಿಕೆಗಳನ್ನೂ ಸುವರ್ಣ ಮಹೋತ್ಸವದ ಸಂಚಿಕೆಗಳನ್ನೂ, ಮುಂಬಯಿಯ ಮೊದಲ ಶಾಖೆಗಳ ನಿವೃತ್ತ ನೌಕರರ ನೆನಪುಗಳನ್ನೂ ಆಧರಿಸಬೇಕು. ಕಾಗದಪತ್ರಗಳು ವಿಲೀನದ ಗಡಿಬಿಡಿಯಲ್ಲಿ ಮೂಲೆ ಸೇರುವ ಮುನ್ನ, ನಮ್ಮ ಸಂಘದ ಸಂಶೋಧನ ಶಾಖೆಯ ತರುಣರಲ್ಲಿ ಒಬ್ಬಿಬ್ಬರಾದರೂ ಈ ಕೆಲಸಕ್ಕೆ ಕೈಹಾಕಬೇಕು. 1906ರಿಂದ 1969ರವರೆಗಿನ ಅವಧಿಯನ್ನು ಮೊದಲು ಎತ್ತಿಕೊಳ್ಳುವುದು ಲೇಸು. ಆ ಅವಧಿಯಲ್ಲಿ ಹಣ ಯಾವ ದಾರಿ ಹಿಡಿದಿತೆಂದು ಹೇಳಬಲ್ಲ ಹಿರಿಯರು ಇನ್ನೂ ಕೆಲವರು ಮುಂಬಯಿಯಲ್ಲಿಯೂ ಉಡುಪಿಯಲ್ಲಿಯೂ ಇದ್ದಾರೆ.